ನಿನ್ನೆ ಏನು ಮಾಡಿದೆ ಅಂತ ಪಕ್ಕದ ಮನೆಯಜ್ಜಿ ಕೇಳಿದರೆ ಇಂಗ್ಲಿಷಿನಲ್ಲಿ ಏನು ಹೇಳಲಿ?

ತಿಪಟೂರಿನ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 58 ವರ್ಷ. ಊರು ತಿಪಟೂರಿನ ಹತ್ತಿರ. ಮಗಳ ಬಾಣಂತನಕ್ಕೆ ಅಂತ ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಎರಡು ತಿಂಗಳಾಯಿತು. ಇನ್ನೂ ಮೂರು ತಿಂಗಳು ಇಲ್ಲೇ ಇರುತ್ತೇನೆ.

ನಾನು ಓದಿದ್ದು ಕನ್ನಡ ಮೀಡಿಯಂ, ಎಸ್ಸೆಸ್ಸೆಲ್ಸಿ ತನಕ. ಐದನೇ ಕ್ಲಾಸಿಗೆ ಬಂದ ಮೇಲೆ ಎಬಿಸಿಡಿ ಶುರು. ಅಂಗಡಿ ಬೋರ್ಡು ಓದುತ್ತೇನೆ, ಬಸ್ಸಿನ ನಂಬರು, ಊರಿನ ಹೆಸರು ಎಲ್ಲ ಗೊತ್ತಾಗುತ್ತದೆ. ಯಾರಾದರೂ ಮಾತಾಡಿಸಿದರೆ ಮಾತ್ರ ಬಾಯಿ ಕಟ್ಟಿಹೋಗುತ್ತದೆ.

ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಎಂಬತ್ತರ ಹತ್ತಿರ ವಯಸ್ಸು. ಒಬ್ಬರೇ ಇರುವುದು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಬೇಲಿ ಹತ್ತಿರ ಬಂದು ಮಾತಾಡಿಸುತ್ತಾರೆ. ಕೇಳುವುದು ದೊಡ್ಡ ವಿಷಯವೇನಲ್ಲ. ನಿನ್ನೆ ಏನು ಮಾಡಿದೆ, ಭಾನುವಾರ ಎಲ್ಲಿಗಾದರೂ ಹೋಗಿದ್ರಾ, ಬಿಡುವಿದ್ದಾಗ ಏನು ಮಾಡ್ತೀಯ, ಇಷ್ಟೇ. ನಾನು "ಕುಕಿಂಗ್" ಅಂತೀನಿ. ಮಾರನೇ ದಿನವೂ "ಕುಕಿಂಗ್". ಅವರು ನಗುತ್ತಾ ತಲೆ ಆಡಿಸುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಒಳಗೆ ಬಂದ ಮೇಲೆ ನನಗೆ ತುಂಬಾ ಬೇಜಾರಾಗುತ್ತದೆ. ದಿನವಿಡೀ ನಾನು ಎಷ್ಟೊಂದು ಮಾಡುತ್ತೇನೆ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತೇನೆ. ಮಗಳಿಗೆ ಮೆಣಸಿನ ಸಾರು, ಬೆಳ್ಳುಳ್ಳಿ ಚಟ್ನಿಪುಡಿ ಮಾಡುತ್ತೇನೆ. ಸಂಜೆ ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ರೌಂಡ್‌ಹೇ ಪಾರ್ಕಿನ ಕೆರೆ ತನಕ ಹೋಗಿ ಬರುತ್ತೇನೆ. ಕ್ರೋಶಾದಲ್ಲಿ ಮಗುವಿಗೆ ಟೋಪಿ ಹಾಕುತ್ತಿದ್ದೇನೆ. ಊರಲ್ಲಾದರೆ ಮಧ್ಯಾಹ್ನ ಚೌಕಾಬಾರ ಆಡುತ್ತಿದ್ದೆ. ಇದರಲ್ಲಿ ಒಂದನ್ನೂ ಹೇಳಲು ಬರುವುದಿಲ್ಲವಲ್ಲ.

ಹೋದ ವಾರ ಅವರು "ಕಮ್ ಫಾರ್ ಟೀ" ಅಂತ ಕರೆದರು. ಐದು ಗಂಟೆಗೆ. ಒಂದು ಲೋಟ ಟೀ ಕುಡಿದು ಬರೋಣ ಅಂತ, ಮನೆಯಲ್ಲಿ ಚಪಾತಿ ಪಲ್ಯ ತಿಂದೇ ಹೋದೆ. ನೋಡಿದರೆ ಮೇಜಿನ ಮೇಲೆ ಪೂರ್ತಿ ಊಟ. ನಾನು ಮಾಂಸ ತಿನ್ನುವುದಿಲ್ಲ ಅಂತ ಮಗಳನ್ನು ಕೇಳಿ ತಿಳಿದುಕೊಂಡು, ಆಲೂಗಡ್ಡೆ, ಬಟಾಣಿ, ಚೀಸು ಹಾಕಿ ಏನೋ ಬೇಯಿಸಿಟ್ಟಿದ್ದರು. ಎರಡು ತುತ್ತು ತಿನ್ನುವುದೂ ಕಷ್ಟವಾಯಿತು. ಅವರ ಮುಖ ಸಣ್ಣದಾಯಿತು. ಆ ವಯಸ್ಸಿನಲ್ಲಿ ನಿಂತು ಮಾಡಿದ ಅಡುಗೆ, ಅಲ್ವಾ? ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಿಡುವಿದ್ದಾಗ ತಾವು "ಪಾಟರಿಂಗ್" ಮಾಡ್ತೀನಿ ಅಂತಲೂ ಹೇಳಿದ್ದರು. ಮಡಕೆ ಮಾಡುತ್ತಾರೇನೋ ಅಂದುಕೊಂಡೆ. ಮನೆಯಲ್ಲಿ ಒಂದು ಮಡಕೆಯೂ ಕಾಣಲಿಲ್ಲ.

ಮಗಳು 500 ಪದಗಳ ಪಟ್ಟಿ ಪ್ರಿಂಟ್ ಮಾಡಿ ಕೊಟ್ಟಿದ್ದಾಳೆ. ಅದರಲ್ಲಿ ಹಿಮದ ಮೇಲೆ ಜಾರುವುದು, ಸಮುದ್ರದೊಳಗೆ ಮುಳುಗುವುದು ಎಲ್ಲ ಇದೆ. ಅವು ನನ್ನ ದಿನದಲ್ಲಿ ಬರುವುದೇ ಇಲ್ಲ. ಮೊದಲು ಯಾವ ಪದ ಕಲಿಯಲಿ, ಹೇಗೆ ಕಲಿಯಲಿ? ತಿಳಿದವರು ಹೇಳಿ.

---

ಸಾಗರದ ಮೇಷ್ಟ್ರು:

ತಾಯೀ, ನಮಸ್ಕಾರ. ಸರ್ಕಾರಿ ಹೈಸ್ಕೂಲಿನಲ್ಲಿ 31 ವರ್ಷ ಇಂಗ್ಲಿಷ್ ಪಾಠ ಮಾಡಿದವನು ನಾನು. ಮಕ್ಕಳೆಲ್ಲ ಕನ್ನಡ ಮೀಡಿಯಂನವರೇ. ಆ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ನಿಮಗೆ ಪದ ಕಮ್ಮಿ ಇಲ್ಲ. ಬಾತ್, ಬೇಬಿ, ಪಾರ್ಕ್, ವಾಕ್, ಟೀ, ಟಿವಿ, ಫೋನ್, ಎಲ್ಲ ಗೊತ್ತಿದೆ. ಇವೆಲ್ಲ ಹೆಸರುಗಳು. ಕನ್ನಡದಲ್ಲಿ ಇವುಗಳ ಹಿಂದೆ "ಮಾಡು" ಅಂತ ಸೇರಿಸಿದರೆ ಸಾಕು, ಕೆಲಸ ಆಗಿಹೋಗುತ್ತದೆ. ಸ್ನಾನ ಮಾಡು, ಊಟ ಮಾಡು, ನಿದ್ದೆ ಮಾಡು, ವಾಕ್ ಮಾಡು, ಫೋನ್ ಮಾಡು, ಯೋಗ ಮಾಡು. ಇಂಗ್ಲಿಷಿನಲ್ಲಿ ಈ ಒಂದು "ಮಾಡು" ನಾಲ್ಕೈದಾಗಿ ಒಡೆಯುತ್ತದೆ. ನಮ್ಮ ಮಕ್ಕಳು ಮುಗ್ಗರಿಸುತ್ತಿದ್ದುದೂ ಇಲ್ಲೇ. ಆದ್ದರಿಂದ ಹೆಸರನ್ನು ಒಂಟಿಯಾಗಿ ಕಲಿಯಬೇಡಿ. ಅದರ ಕ್ರಿಯಾಪದದ ಜೊತೆ ಜೋಡಿಯಾಗಿ ಕಲಿಯಿರಿ.

ನಿಮಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗುವುದು "ಹ್ಯಾವ್". ತಿನ್ನುವುದು, ಕುಡಿಯುವುದು, ಸ್ನಾನ, ಸಣ್ಣ ನಿದ್ದೆ, ಹರಟೆ ಎಲ್ಲ ಇದರ ಹಿಂದೆ ಬರುತ್ತವೆ. ಹ್ಯಾವ್ ಬ್ರೇಕ್‌ಫಾಸ್ಟ್, ಹ್ಯಾವ್ ಎ ಬಾತ್, ಹ್ಯಾವ್ ಎ ನ್ಯಾಪ್, ಹ್ಯಾವ್ ಎ ಚಾಟ್. ಮನೆಯಿಂದ ಹೊರಗೆ ಹೋಗಿ ಮಾಡುವುದಕ್ಕೆ "ಗೋ": ಗೋ ಫಾರ್ ಎ ವಾಕ್, ಗೋ ಶಾಪಿಂಗ್, ಗೋ ಸ್ವಿಮ್ಮಿಂಗ್. ಇನ್ನು "ಮೇಕ್" ಮತ್ತು "ಡೂ" ಗೊಂದಲ ಮಾಡುತ್ತವೆ. ಹೊಸದೊಂದು ಕೈಯಿಂದ ತಯಾರಾದರೆ ಸಾಮಾನ್ಯವಾಗಿ ಮೇಕ್. ಮೇಕ್ ಟೀ, ಮೇಕ್ ರಸಂ, ಮೇಕ್ ಎ ಹ್ಯಾಟ್. ಇರುವ ಕೆಲಸ ಮುಗಿಸುವುದಾದರೆ ಡೂ. ಡೂ ದ ಡಿಶಸ್ ಅಂದರೆ ಪಾತ್ರೆ ತೊಳೆಯುವುದು, ಡೂ ದ ಐರನಿಂಗ್ ಅಂದರೆ ಇಸ್ತ್ರಿ. ಯೋಗಕ್ಕೂ ಡೂ. ಮೇಕ್ ದ ಬೆಡ್ ಅಂದರೆ ಮಾತ್ರ ಮಂಚ ಮಾಡುವುದಲ್ಲ, ಎದ್ದ ಮೇಲೆ ಹಾಸಿಗೆ ಸರಿ ಮಾಡುವುದು.

ಕೆಲವು ಕಡೆ ಕನ್ನಡವೇ ಹೆಚ್ಚು ಒಡೆಯುತ್ತದೆ. ನಾವು ಆಟ ಆಡುತ್ತೇವೆ, ವೀಣೆ ನುಡಿಸುತ್ತೇವೆ, ತಬಲ ಬಾರಿಸುತ್ತೇವೆ, ಕೊಳಲು ಊದುತ್ತೇವೆ. ಅವರಿಗೆ ಎಲ್ಲದಕ್ಕೂ "ಪ್ಲೇ" ಒಂದೇ ಸಾಕು. ಆದರೆ ನಮ್ಮ "ನೋಡು" ಅಲ್ಲಿ ಮೂರು. ಟಿವಿಯನ್ನು ವಾಚ್ ಮಾಡುತ್ತಾರೆ, ಫೋಟೋ ಕಡೆ ಲುಕ್ ಅಟ್, ಪಾರ್ಕಿನಲ್ಲಿ ಬಾತುಕೋಳಿ ಕಣ್ಣಿಗೆ ಬಿದ್ದರೆ ಸೀ. "ಕೇಳು" ಕೂಡ ಮೂರು. ಪ್ರಶ್ನೆಯನ್ನು ಆಸ್ಕ್, ಹಾಡನ್ನು ಲಿಸನ್ ಟು, ಮಗು ಅತ್ತ ಸದ್ದನ್ನು ಹಿಯರ್.

ಇನ್ನೊಂದು ವಿಷಯ. ಅಜ್ಜಿ ಕೇಳುತ್ತಿರುವುದು ನಿನ್ನೆಯ ಸಂಗತಿ. ಉತ್ತರವೂ ನಿನ್ನೆಯ ರೂಪದಲ್ಲೇ ಇರಬೇಕು. ನಿಮ್ಮ ದಿನಕ್ಕೆ ಹತ್ತು ಸಾಕು: ವೆಂಟ್, ಹ್ಯಾಡ್, ಮೇಡ್, ಡಿಡ್, ಗೇವ್, ಸಾ, ವಾಚ್ಟ್, ಕುಕ್ಟ್, ಪ್ಲೇಡ್, ಸ್ಲೆಪ್ಟ್. ವಾಚೆಡ್, ಕುಕೆಡ್ ಅಂತ ಎಳೆಯಬೇಡಿ. ಕೊನೆಗೆ ಚಿಕ್ಕ "ಟ್" ಅಷ್ಟೇ. "ಎಸ್ಟರ್‌ಡೇ ನೈಟ್" ಅನ್ನುವುದಕ್ಕಿಂತ "ಲಾಸ್ಟ್ ನೈಟ್" ಅನ್ನಿ. "ಐ ಎಂಜಾಯ್ಡ್" ಅಂತ ಅರ್ಧಕ್ಕೆ ನಿಲ್ಲಿಸಬೇಡಿ. ಏನನ್ನು ಅಂತ ಸೇರಿಸಿ: ಐ ಎಂಜಾಯ್ಡ್ ದ ವಾಕ್.

ಈಗ ನಿಮ್ಮದೇ ದಿನ ತೆಗೆದುಕೊಳ್ಳಿ. ಐ ಗೇವ್ ದ ಬೇಬಿ ಆನ್ ಆಯಿಲ್ ಮಸಾಜ್ ಅಂಡ್ ಎ ಬಾತ್. ಐ ಮೇಡ್ ಪೆಪರ್ ರಸಂ ಫಾರ್ ಮೈ ಡಾಟರ್. ವಿ ವೆಂಟ್ ಫಾರ್ ಎ ವಾಕ್ ಇನ್ ದ ಪಾರ್ಕ್. ಮೂರೇ ವಾಕ್ಯ, ನಿಮ್ಮ ದಿನದ ಮುಕ್ಕಾಲು ಭಾಗ ಬಂದುಹೋಯಿತು.

ಕ್ರೋಶಾವನ್ನು ಅಲ್ಲಿ "ಕ್ರೋಶೇ" ಅನ್ನುತ್ತಾರೆ. ಸ್ಪೆಲಿಂಗಿನ ಕೊನೆಯಲ್ಲಿರುವ ಟಿ ಬಾಯಿಗೆ ಬರುವುದಿಲ್ಲ. ಎರಡು ಕಡ್ಡಿಯಲ್ಲಿ ಹೆಣೆದರೆ ಅದು "ನಿಟಿಂಗ್", ಅಲ್ಲಿ ಮೊದಲಿನ ಕೆ ಮೌನ. ಚೌಕಾಬಾರಕ್ಕೆ ಇಂಗ್ಲಿಷ್ ಹೆಸರು ಹುಡುಕಬೇಡಿ. ಚೌಕಾಬಾರ ಅಂತಲೇ ಹೇಳಿ, ಆಮೇಲೆ "ಎ ಬೋರ್ಡ್ ಗೇಮ್ ವಿತ್ ಕೌರಿ ಶೆಲ್ಸ್" ಅನ್ನಿ. ಕವಡೆಗೆ ಅವರು ಕೌರಿ ಅನ್ನುತ್ತಾರೆ. "ಲೈಕ್ ಲೂಡೊ" ಅಂತ ಸೇರಿಸಿದರೆ ಅಜ್ಜಿಗೆ ಕೂಡಲೇ ತಿಳಿಯುತ್ತದೆ. ಲೂಡೊ ನಮ್ಮ ಪಗಡೆಯ ಜಾತಿಯ ಆಟದಿಂದಲೇ ಹುಟ್ಟಿದ್ದು. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅದಕ್ಕೆ ಪೇಟೆಂಟ್ ಪಡೆದರು.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮಲಗುವ ಮುಂಚೆ ಅವತ್ತು ಮಾಡಿದ ಐದು ಕೆಲಸ ಬರೆಯಿರಿ. ಕನ್ನಡ ಲಿಪಿಯಲ್ಲಿ ಬರೆದರೂ ಸರಿ. ಎರಡು ಸಲ ಜೋರಾಗಿ ಓದಿ. ಬೆಳಿಗ್ಗೆ ಅಜ್ಜಿ ಕೇಳುವುದು ಅದನ್ನೇ.

---

ಉಡುಪಿ ನರ್ಸ್:

ಅಮ್ಮಾ, ನಾನು ಲೀಡ್ಸ್ ಇರುವ ಇದೇ ಯಾರ್ಕ್‌ಶೈರ್‌ನಲ್ಲಿ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೇಷ್ಟ್ರು ಹೇಳಿದ್ದೆಲ್ಲ ಸರಿ. ಇಲ್ಲಿನ ಮಾತು ಸ್ವಲ್ಪ ಸೇರಿಸುತ್ತೇನೆ.

ಟೀ ವಿಷಯದಲ್ಲಿ ನಿಮ್ಮ ತಪ್ಪಿಲ್ಲ. ಇಂಗ್ಲೆಂಡಿನ ಈ ಉತ್ತರದ ಕಡೆ ತುಂಬಾ ಜನ ಸಂಜೆ ಊಟಕ್ಕೇ "ಟೀ" ಅನ್ನುತ್ತಾರೆ. ಮಧ್ಯಾಹ್ನದ ಊಟಕ್ಕೆ "ಡಿನ್ನರ್" ಅನ್ನುವ ಹಿರಿಯರೂ ಇದ್ದಾರೆ. ಐದು, ಆರು ಗಂಟೆಗೆ ಟೀಗೆ ಬಾ ಅಂದರೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ. ಬರೀ ಕುಡಿಯುವ ಟೀ ಆದರೆ "ಕಪ್ಪಾ" ಅಥವಾ "ಬ್ರೂ" ಅನ್ನುತ್ತಾರೆ. ನಮ್ಮ ಕಡೆ ಬ್ರೂ ಅಂದರೆ ಕಾಫಿ ಪುಡಿ, ಇಲ್ಲಿ ಹೆಚ್ಚಾಗಿ ಟೀ. ನನಗೂ ಮೊದಲ ವಾರ ಗೊಂದಲವಾಗಿತ್ತು.

ಅಜ್ಜಿ ಹೇಳಿದ "ಪಾಟರಿಂಗ್" ಅಂದರೆ ಅವಸರ ಇಲ್ಲದೆ ಅದೂ ಇದೂ ಮಾಡಿಕೊಂಡಿರುವುದು. ಒಣಗಿದ ಎಲೆ ತೆಗೆಯುವುದು, ಗಿಡಕ್ಕೆ ನೀರು ಹಾಕುವುದು, ಕುಂಡ ಆಚೆ ಈಚೆ ಇಡುವುದು. ನಮ್ಮ ಅಮ್ಮ ಮಧ್ಯಾಹ್ನ ಹಿತ್ತಲಲ್ಲಿ ಇರುತ್ತಾರಲ್ಲ, ಅದೇ. "ಐ ಪಾಟರ್ಡ್ ಅಬೌಟ್ ಇನ್ ದ ಗಾರ್ಡನ್" ಅಂತ ನೀವೂ ಹೇಳಬಹುದು.

ನೀವು ಬಟ್ಟೆ ಒಣಹಾಕುವುದಕ್ಕೆ "ಹ್ಯಾಂಗ್ ಔಟ್ ದ ವಾಷಿಂಗ್" ಅನ್ನಿ. ಬರೀ "ಹ್ಯಾಂಗ್ ಔಟ್" ಅಂದರೆ ಗೆಳೆಯರ ಜೊತೆ ಕಾಲ ಕಳೆಯುವುದು ಅಂತ ಅರ್ಥ ಆಗುತ್ತದೆ. ಮಗು ಮಲಗುವ ಗಾಡಿ ಇಲ್ಲಿ "ಪ್ರ್ಯಾಮ್", ಅಮೆರಿಕದ ಪಟ್ಟಿಗಳಲ್ಲಿ ಬರುವ ಸ್ಟ್ರೋಲರ್ ಅಲ್ಲ. ಬೆಳಿಗ್ಗೆ ತಡವಾಗಿ ಏಳುವುದು "ಲೈ ಇನ್". "ಯೂ ಆಲ್‌ರೈಟ್?" ಅಂದರೆ ಗಾಬರಿ ಬೇಡ. ನಿಮಗೆ ಹುಷಾರಿಲ್ಲವಾ ಅಂತ ಕೇಳುತ್ತಿಲ್ಲ, ಅದು ನಮಸ್ಕಾರದ ಹಾಗೆ. "ಲವ್" ಅಂತ ಕರೆದರೆ ನಾವು "ಮರಿ" ಅನ್ನುವ ಥರ.

ಮಗಳಿಗೆ ಸ್ವಲ್ಪ ಸುಧಾರಿಸಿದ ಮೇಲೆ ಹತ್ತಿರದ ಲೆಝರ್ ಸೆಂಟರಿಗೆ ಹೋಗಿ ಬನ್ನಿ. ಈಜುಕೊಳ, ವ್ಯಾಯಾಮ ಎಲ್ಲ ಇರುವ ಜಾಗ. ಬ್ರಿಟಿಷರು "ಲೆ" ಅಂತ ಶುರು ಮಾಡುತ್ತಾರೆ, ಅಮೆರಿಕದವರು ಹೆಚ್ಚಾಗಿ "ಲೀ".

---

ಹಾವೇರಿ ಹುಡುಗ:

ಅಮ್ಮಾ, ನಾನೂ ಕನ್ನಡ ಮೀಡಿಯಂ. ಒಂದೇ ಮಾತು. ಅಜ್ಜಿಗೆ ಕ್ರಿಕೆಟ್ ಇಷ್ಟ ಇದೆಯಾ ಅಂತ ಕೇಳಿ ನೋಡಿ: "ಡೂ ಯೂ ವಾಚ್ ದ ಕ್ರಿಕೆಟ್?" ಲೀಡ್ಸ್‌ನಲ್ಲೇ ಹೆಡಿಂಗ್ಲಿ ಮೈದಾನ ಇದೆ. 2002ರಲ್ಲಿ ಅಲ್ಲಿ ನಮ್ಮ ರಾಹುಲ್ ದ್ರಾವಿಡ್ 148 ಹೊಡೆದಿದ್ದರು, ಆ ಟೆಸ್ಟ್ ನಾವು ಇನ್ನಿಂಗ್ಸ್‌ನಿಂದ ಗೆದ್ದೆವು. ರನ್, ವಿಕೆಟ್, ಬೌಲಿಂಗ್, ಔಟ್ ಎಲ್ಲ ನಿಮಗೆ ಗೊತ್ತಿರುವ ಇಂಗ್ಲಿಷೇ. ಆ ಮಾತಿಗೆ ಭಯ ಇರುವುದಿಲ್ಲ.

---

ತಿಪಟೂರಿನ ಅಮ್ಮ:

ಮೇಷ್ಟ್ರೇ, ನರ್ಸಮ್ಮ, ಹಾವೇರಿ ಮಗನೇ, ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ನೋಟ್‌ಬುಕ್ಕಿನಲ್ಲಿ ಹತ್ತು ಪುಟ ತುಂಬಿದೆ. ಮೊದಲ ದಿನ ಐದು ಸಾಲು ಬರೆಯಲು ಒಂದು ಗಂಟೆ ಹಿಡಿಯಿತು. ಮಗಳು ಮಗುವಿಗೆ ಹಾಲು ಕುಡಿಸುತ್ತಾ ತಿದ್ದಿದಳು. ನಿನ್ನೆಯದು ಹತ್ತು ನಿಮಿಷದಲ್ಲಿ ಮುಗಿಯಿತು, ಎರಡೇ ತಪ್ಪು.

ಸೋಮವಾರ ಅಜ್ಜಿ ಬೇಲಿ ಹತ್ತಿರ ಬಂದರು. ನಾನೇ ಮೊದಲು "ಯೂ ಆಲ್‌ರೈಟ್?" ಅಂದೆ. ಅವರಿಗೆ ಎಷ್ಟು ಖುಷಿಯಾಯಿತು ಅಂದರೆ, ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಹತ್ತಿರ ಬಂದರು. ಎಣ್ಣೆ ಸ್ನಾನದ ವಿಷಯ ಹೇಳಿದೆ. ಯಾವ ಎಣ್ಣೆ ಅಂತ ಕೇಳಿದರು. "ಕೋಕನಟ್ ಆಯಿಲ್, ಫ್ರಂ ಮೈ ಟೌನ್" ಅಂದೆ. ನಮ್ಮ ತಿಪಟೂರು ತೆಂಗಿಗೆ ಹೆಸರಾದ ಊರು ಅನ್ನುವುದನ್ನೂ ಹೇಗೋ ಹೇಳಿದೆ. ಕೊಬ್ಬರಿಗೆ ಪದ ಸಿಗದೆ "ಡ್ರೈ ಕೋಕನಟ್" ಅಂದೆ, ಅವರಿಗೆ ತಿಳಿಯಿತು.

ಅವತ್ತಿನ ಊಟದ್ದು ಮನಸ್ಸಿನಲ್ಲೇ ಉಳಿದಿತ್ತು. ಮಗಳ ಹತ್ತಿರ ಕೇಳಿ ಬಾಯಿಪಾಠ ಮಾಡಿಕೊಂಡು ಹೇಳಿದೆ: "ಐ ಡಿಡಂಟ್ ನೋ ಟೀ ವಾಸ್ ಎ ಮೀಲ್. ಐ ಆಮ್ ಸಾರಿ." ಅವರು ಬೇಲಿ ಮೇಲಿಂದ ಕೈ ಚಾಚಿ ನನ್ನ ಕೈ ಹಿಡಿದುಕೊಂಡರು. ಈ ಗುರುವಾರ ಮತ್ತೆ ಕರೆದಿದ್ದರು. ನಾನು ಮಧ್ಯಾಹ್ನ ಮೂರು ಗಂಟೆಯಿಂದ ಏನೂ ತಿನ್ನದೆ ಹೋದೆ. ಬಡಿಸಿದ್ದೆಲ್ಲ ತಿಂದೆ, ಎರಡನೇ ಸಲವೂ ಹಾಕಿಸಿಕೊಂಡೆ. ಆಮೇಲೆ ಕ್ರೋಶಾ ಟೋಪಿ ತೋರಿಸಿದೆ. ಅವರೂ ತಮ್ಮ ನೂಲಿನ ಡಬ್ಬ ತಂದರು. ಅವರು ನಿಟಿಂಗ್, ನಾನು ಕ್ರೋಶೇ. ಆ ಕೆಲಸಕ್ಕೆ ಮಾತು ಜಾಸ್ತಿ ಬೇಕಾಗಲಿಲ್ಲ. ಕ್ರಿಕೆಟ್ ನೋಡುವುದಿಲ್ಲವಂತೆ, ಗಂಡ ನೋಡುತ್ತಿದ್ದರಂತೆ. ಅವರ ಫೋಟೋ ತೋರಿಸಿದರು. ಅಲ್ಲಿ ಲುಕ್ ಅಟ್ ಅನ್ನಬೇಕು ಅಂತ ನನಗೆ ನೆನಪಿತ್ತು ಮೇಷ್ಟ್ರೇ.

ಇನ್ನೊಂದು ಕೇಳಬೇಕು. ನಿನ್ನೆ ಮಧ್ಯಾಹ್ನ ಮಗು ಮಲಗಿತ್ತು. ನಾನಾಗಿಯೇ ಅವರ ಬಾಗಿಲು ತಟ್ಟಿದೆ. ಏನಾದರೂ ಬೇಕಿತ್ತಾ ಅಂತ ಕೇಳಿದರು. ಏನೂ ಬೇಕಿರಲಿಲ್ಲ. ನಮ್ಮಲ್ಲಿ "ಸುಮ್ನೆ ಬಂದೆ" ಅಂತೀವಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕು?

---

ಉಡುಪಿ ನರ್ಸ್:

"ಐ ಜಸ್ಟ್ ಪಾಪ್ಟ್ ಇನ್" ಅನ್ನಿ ಅಮ್ಮಾ. ಕೆಟಲ್ ಇಡಲು ಅವರೇ ಒಳಗೆ ಹೋಗುತ್ತಾರೆ.