ಅಪ್‌ಡೇಟ್: ಅಕ್ಕನ ಹಳೇ ಕ್ಲಾಸ್‌ಮೇಟ್ ಕ್ಷಮೆ ಕೇಳಿದ ಕಥೆ
ಶಾಲೇಲಿ ‘ಹಳದಿ ಹಲ್ಲು’ ಅಂತ ಅಕ್ಕನನ್ನು ಗೋಳು ಹೊಯ್ದುಕೊಂಡವಳು ಈಗ ಕ್ಷಮೆ ಕೇಳಬೇಕಂತೆ, ಏನು ಮಾಡೋದು ಅಂತ ಕೇಳಿದ್ದೆನಲ್ಲ.

ನಿಮ್ಮಲ್ಲಿ ಕೆಲವರು ‘ಮನೆಗೇ ಕರೆಸಿ’ ಅಂದಿದ್ದು ಫಲಿಸಲಿಲ್ಲ. ಕುಷ್ಟಗಿಯಿಂದ ಪೇಡೆ ಹಿಡಿದು ಬಂದಳು, ಅಕ್ಕ ಅಡುಗೆಮನೆ ಬಿಟ್ಟು ಹೊರಗೇ ಬರಲಿಲ್ಲ. ‘ಪತ್ರ ಬರೆಯಲಿ, ಉತ್ತರ ಕೇಳದಿರಲಿ’ ಅಂದಿದ್ರಲ್ಲ, ಅದೇ ಕೈ ಹಿಡಿಯಿತು. ‘ಗ್ರೂಪ್ ಫೋಟೋ ತೆಗೆಯುವಾಗ ಬಾಯಿ ಮುಚ್ಚು ಅಂದಿದ್ದು ನಾನೇ’ ಅಂತ ಸುತ್ತಿಬಳಸದೆ ಬರೆದಿದ್ದಳು. ಅಕ್ಕ ಓದಿ, ‘ನೆನಪಿದೆಯಲ್ಲ ಅವಳಿಗೆ’ ಅಂದಳು ಅಷ್ಟೆ.

ಇನ್ನೊಂದು ಗೊತ್ತಾಯ್ತು. ಹಲ್ಲಿನ ಡಾಕ್ಟರ್ ಪ್ರಕಾರ ಅಕ್ಕನ ಹಲ್ಲಿನ ಹಳದಿ ಉಜ್ಜದೆ ಬಂದ ಕಲೆಯೇ ಅಲ್ಲ. ಚಿಕ್ಕಂದಿನಲ್ಲಿ ಕುಡಿದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಅನ್ನೋ ಲವಣ ಜಾಸ್ತಿಯಾಗಿ ಬಂದದ್ದು! ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದಂತೆ. ನಮ್ಮ ಕೊಪ್ಪಳದ ಕಡೆ ಇದು ಜಾಸ್ತಿ, ಅಲ್ವಾ?

ಸ್ನೇಹ ಗೀಹ ಏನೂ ಆಗಿಲ್ಲ. ಅಕ್ಕ ನಗುವಾಗ ಈಗಲೂ ಸೆರಗು ಬಾಯಿಗೆ ಹೋಗುತ್ತೆ. ಆದ್ರೆ ಹಲ್ಲಿಗೆ ಚಿಕಿತ್ಸೆ ಮಾಡಿಸ್ತೀನಿ ಅಂತ ತಾನೇ ಹೇಳಿದ್ದಾಳೆ.