ಸಹಾಯ ಬೇಕು: ಖಾಲಿ ಟ್ಯೂಬಿನಲ್ಲೂ ದನದ ಡಿಎನ್ಎ ಬರ್ತಿದೆ!

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಕಡೆಯ ಬೂದಿದಿಬ್ಬದಲ್ಲಿ (ಹಳೇ ಕಾಲದವರು ಸಗಣಿ ಸುಟ್ಟ ಬೂದಿಯ ಗುಡ್ಡೆ) ಸಿಕ್ಕ, ಸುಮಾರು 4,000 ವರ್ಷ ಹಳೆಯ ದನದ ಮೂಳೆಗಳಿಂದ ಡಿಎನ್ಎ ತೆಗೆಯೋಕೆ ಒದ್ದಾಡ್ತಿದ್ದೀನಿ. ನಮ್ಮ ಬಿಸಿಲಿಗೆ ಡಿಎನ್ಎ ಉಳಿಯೋದೇ ಕಷ್ಟ, ಗೊತ್ತು. ಅದಕ್ಕೇ ಸುಟ್ಟ ಚೂರುಗಳನ್ನ ಪಕ್ಕಕ್ಕಿಟ್ಟು, ಒಳಕಿವಿ ಸುತ್ತಲಿನ ಗಟ್ಟಿ ಮೂಳೆ ಮಾತ್ರ ಆರಿಸಿಕೊಂಡೆ. ಮೇಲ್ಪದರ ಉಜ್ಜಿ ತೆಗೆದು, ಪುಡಿ ಮಾಡಿ, ಇಡಿಟಿಎ (ಮೂಳೆಯ ಕ್ಯಾಲ್ಸಿಯಂ ಕರಗಿಸೋದು), ಪ್ರೋಟೀನೇಸ್-ಕೆ (ಪ್ರೋಟೀನ್ ಒಡೆಯೋ ಕಿಣ್ವ) ಹಾಕಿ ರಾತ್ರಿಯಿಡೀ ಇಟ್ಟು, ಡಿಎನ್ಎ ಹಿಡಿದಿಡೋ ಸಿಲಿಕಾ ಕಾಲಮ್ಮಿನಲ್ಲಿ ಸೋಸಿದೆ.

ಪಿಸಿಆರ್‌ನಲ್ಲಿ (ಡಿಎನ್ಎ ತುಣುಕನ್ನ ಲಕ್ಷಾಂತರ ಪಟ್ಟು ನಕಲು ಮಾಡೋ ವಿಧಾನ) ದನದ ಮೈಟೋಕಾಂಡ್ರಿಯಾ ಡಿಎನ್ಎ ತುಣುಕು ಬಂದೇಬಿಡ್ತು. ಕುಣಿದಾಡೋಣ ಅನ್ನುವಷ್ಟರಲ್ಲಿ, ಮೂಳೆಪುಡಿಯೇ ಹಾಕದ ಖಾಲಿ ಟ್ಯೂಬಿನಲ್ಲೂ ಆ ತುಣುಕಿನದೇ ಗೆರೆ! ಬ್ಲೀಚಲ್ಲಿ ಒರೆಸಿದ್ದಾಯ್ತು, ಯುವಿ ಹಾಕಿದ್ದಾಯ್ತು, ಹೊಸ ಪ್ರೈಮರ್ (ನಕಲು ಶುರು ಮಾಡೋ ಚಿಕ್ಕ ಡಿಎನ್ಎ ಎಳೆ) ತರಿಸಿದ್ದಾಯ್ತು. ಊಹೂಂ.

ಈಗ ಅನುಮಾನ ಬಿಎಸ್ಎ ಮೇಲೆ, ಅಂದ್ರೆ ಪಿಸಿಆರ್ ತಡೆಯೋ ಕಶ್ಮಲಗಳನ್ನ ಹಿಡಿದಿಡೋಕೆ ಹಾಕೋ ಪ್ರೋಟೀನ್ ಮೇಲೆ. ಅದು ದನದ ರಕ್ತದಿಂದಲೇ ಮಾಡೋದಲ್ವಾ? ಬಿಎಸ್ಎ ಬಿಟ್ಟು ನೋಡಿದೆ: ಖಾಲಿ ಟ್ಯೂಬ್ ಶುದ್ಧ, ಆದ್ರೆ ಮೂಳೆಯದ್ರಲ್ಲೂ ಏನೂ ಇಲ್ಲ. ಅಂದ್ರೆ ಮೊದಲು ಕಂಡಿದ್ದೆಲ್ಲ ಬಿಎಸ್ಎಯ ದನವೋ, ಇಲ್ಲಾ ಮಣ್ಣಿನ ಹ್ಯೂಮಿಕ್ ಆಮ್ಲ ಈಗ ಪಿಸಿಆರನ್ನೇ ತಡೀತಿದೆಯೋ? ಇಲ್ಲೇ ತಲೆ ಕೆಟ್ಟಿರೋದು.

ಉಳಿದಿರೋ ಪುಡಿ 40 ಮಿಲಿಗ್ರಾಂ ಅಷ್ಟೇ. ಬಿಎಸ್ಎ ಬದಲು ಬೇರೇನಾದ್ರೂ ಹಾಕಿ ಪಿಸಿಆರ್ ಮತ್ತೆ ಮಾಡ್ಲಾ, ಅಥವಾ ನೇರವಾಗಿ ಲೈಬ್ರರಿ (ಎಲ್ಲ ಡಿಎನ್ಎ ತುಣುಕುಗಳನ್ನೂ ಓದಿಸೋಕೆ ಸಿದ್ಧಮಾಡಿದ ಸಂಗ್ರಹ) ಮಾಡಿ, ತುಣುಕುಗಳ ತುದೀಲಿ ಕಾಲ ಕಳೆದಂತೆ ಸಿ ಅನ್ನೋ ಡಿಎನ್ಎ ಅಕ್ಷರ ಟಿ ಆಗಿರೋ ಹಾನಿ ನೋಡಿ ಹಳೇದು-ಹೊಸದು ಬೇರ್ಪಡಿಸ್ಲಾ? ಮಾಡಿದ ಅನುಭವ ಇರೋರು ದಯವಿಟ್ಟು ಹೇಳಿ.