ಹಬ್ಬಕ್ಕೆ ಶುಭಾಶಯ ಹೇಳುವುದು ಬೇರೆ, ಹಬ್ಬ ಮಾಡಿಸುವುದು ಬೇರೆ ಅಲ್ವಾ?

ನೋಟಿಸ್‌ಬೋರ್ಡ್ ಕೇಳಿದ್ದು:

ಆಫೀಸಿನ ರಜೆ ಪಟ್ಟಿ, ಶುಭಾಶಯದ ಮೇಲ್, ಸಣ್ಣಪುಟ್ಟ ಕಾರ್ಯಕ್ರಮ ಎಲ್ಲ ನೋಡಿಕೊಳ್ಳುವುದು ನಾನೇ. ಯಾರೂ ವಹಿಸಿದ ಕೆಲಸ ಅಲ್ಲ, ಹೇಗೋ ನನ್ನ ತಲೆಗೆ ಬಂತು. ಈ ಸಲ ಒಂದು ಧಾರ್ಮಿಕ ಹಬ್ಬವನ್ನು ಆಫೀಸಿನಲ್ಲೇ ಮಾಡೋಣ ಅಂತ ತೀರ್ಮಾನ ಆಯಿತು. ಯಾವ ಹಬ್ಬ ಅಂತ ಬೇಕಂತಲೇ ಹೇಳುತ್ತಿಲ್ಲ. ಹೇಳಿದರೆ ಚರ್ಚೆ ಅತ್ತಲೇ ಓಡುತ್ತದೆ.

ಗ್ರೂಪಿನಲ್ಲಿ ಚಂದಾ ಪಟ್ಟಿ ಬಂತು. ಎಲ್ಲರ ಹೆಸರೂ ಇತ್ತು, ಕೊಟ್ಟವರ ಮುಂದೆ ಹಸಿರು ಟಿಕ್. ಒಬ್ಬೊಬ್ಬರು ಕೊಟ್ಟ ಹಾಗೆಲ್ಲ ಪಟ್ಟಿ ಮತ್ತೆ ಮತ್ತೆ ಮೇಲೆ ಬರುತ್ತಿತ್ತು. ಸಂಜೆ ಹೊತ್ತಿಗೆ ಎರಡೇ ಹೆಸರು ಬೋಳಾಗಿ ಉಳಿದವು. ಅವರಲ್ಲೊಬ್ಬರು ನನ್ನ ಹತ್ತಿರ ಬಂದು, "ರಜೆ ಕೊಡಿ, ಶುಭಾಶಯ ಹೇಳಿ, ನಾನೂ ಹೇಳ್ತೀನಿ. ಆದ್ರೆ ನನ್ನ ನಂಬಿಕೆಯದಲ್ಲದ್ದಕ್ಕೆ ದುಡ್ಡು ಕೊಟ್ಟು ಎದುರು ನಿಲ್ಲೋಕೆ ಆಗಲ್ಲ" ಅಂದರು. ಮ್ಯಾನೇಜರನ್ನು ಕೇಳಿದರೆ, "ಶುಭಾಶಯ ಒಪ್ಪಿದ ಮೇಲೆ ಇದೇನು ದೊಡ್ಡದು? ಬೇಡ ಅಂದ್ರೆ ಶುಭಾಶಯಾನೂ ನಿಲ್ಲಿಸಿ" ಅನ್ನುತ್ತಾರೆ. ಗೆರೆ ಎಲ್ಲಿ ಎಳೆಯೋದು?

ಸುಮ್ನಿರು:

ವರ್ಷಕ್ಕೊಂದು ದಿನ. ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡರೆ ಏನು ಗಂಟು ಹೋಗುತ್ತೆ? ಎಲ್ಲದಕ್ಕೂ ಹಕ್ಕು ಅಂತ ಕೂತರೆ ಆಫೀಸಿನಲ್ಲಿ ನಗುವುದಕ್ಕೂ ಅರ್ಜಿ ಹಾಕಬೇಕಾಗುತ್ತೆ.

ಹಳೇ ಕರಿಕೋಟು:

ಸುಮ್ನಿರು ಅವರೇ, ಅಡ್ಜಸ್ಟ್ ಆಗುವವರು ಪ್ರತಿ ಸಲ ಅವರೇ ಯಾಕೆ ಆಗಬೇಕು ಅನ್ನುವುದೇ ಇಲ್ಲಿನ ಪ್ರಶ್ನೆ.

ಕಾನೂನಿನವರು ಇದರಲ್ಲಿ ಬಹಳ ಗುದ್ದಾಡಿದ್ದಾರೆ. ಅಮೆರಿಕದ ಪಾಟಕೆಟ್ ಅನ್ನುವ ಊರಿನ ಆಡಳಿತ ಕ್ರಿಸ್‌ಮಸ್‌ಗೆ ಗೋದಲಿ, ಅಂದರೆ ಏಸು ಹುಟ್ಟಿದ ಕೊಟ್ಟಿಗೆಯ ಬೊಂಬೆಗಳನ್ನು ಇಡುತ್ತಿತ್ತು. ಜೊತೆಗೆ ಸಾಂಟಾ ಮನೆ, ಕ್ರಿಸ್‌ಮಸ್ ಮರ, ಶುಭಾಶಯದ ಬ್ಯಾನರ್. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರಲ್ಲಿ ಪರವಾಗಿಲ್ಲ ಅಂದಿತು. 1989ರಲ್ಲಿ ಪಿಟ್ಸ್‌ಬರ್ಗ್ ಕೇಸು ಬಂತು. ಕೌಂಟಿ ಕೋರ್ಟಿನ ದೊಡ್ಡ ಮೆಟ್ಟಿಲ ಮೇಲೆ ಗೋದಲಿ ಒಂದನ್ನೇ ಇಟ್ಟಿದ್ದರು, ದೇವರಿಗೆ ಮಹಿಮೆ ಅನ್ನುವ ಬರಹದ ಸಮೇತ. ಅದು ಬೇಡ ಅಂದರು. ಅದೇ ತೀರ್ಪಿನಲ್ಲಿ, ಇನ್ನೊಂದು ಸರ್ಕಾರಿ ಕಟ್ಟಡದ ಹೊರಗೆ ಕ್ರಿಸ್‌ಮಸ್ ಮರದ ಪಕ್ಕ ನಿಂತಿದ್ದ 18 ಅಡಿಯ ಯಹೂದಿ ದೀಪಸ್ತಂಭಕ್ಕೆ ಅಡ್ಡಿಯಿಲ್ಲ ಅಂದರು. ಪಕ್ಕದಲ್ಲಿ ಸಾಂಟಾನ ಹಿಮಸಾರಂಗದ ಬೊಂಬೆ ಇಟ್ಟರೆ ಪಾಸ್ ಅಂತ ಟೀಕಾಕಾರರು ಗೇಲಿ ಮಾಡಿದರು. ಗೇಲಿ ಪೂರ್ತಿ ಸುಳ್ಳೂ ಅಲ್ಲ.

ಆದರೆ ಪಾಟಕೆಟ್ ಕೇಸಿನಲ್ಲಿ ಜಸ್ಟಿಸ್ ಸಾಂಡ್ರಾ ಡೇ ಓಕಾನರ್ ಬೇರೆಯಾಗಿ ಬರೆದದ್ದು ಗಟ್ಟಿ ಮಾತು. ಸರ್ಕಾರ ಒಂದು ಧರ್ಮದ ಬೆನ್ನು ತಟ್ಟಿದರೆ, ಅದನ್ನು ಪಾಲಿಸದವರಿಗೆ ನೀವು ಹೊರಗಿನವರು ಅನ್ನುವ ಸಂದೇಶ ಹೋಗುತ್ತದೆ ಅನ್ನುವುದು ಅದರ ಸಾರ. 2022ರಲ್ಲಿ ಆ ಕೋರ್ಟೇ, ಇಂಥ ಸಂದೇಶ ಹೋಗುತ್ತಾ ಅಂತ ನೋಡುವ ಈ ಪರೀಕ್ಷೆಯನ್ನು ಬದಿಗಿಟ್ಟು, ಇತಿಹಾಸ, ಪರಂಪರೆ ನೋಡೋಣ ಅಂದಿತು. ನನಗೆ ಈಗಲೂ ಹಳೆಯದೇ ಸರಿ ಅನಿಸುತ್ತದೆ.

ನಮ್ಮ ಸಂವಿಧಾನದ 27ನೇ ವಿಧಿಯನ್ನೂ ನೋಡಿ. ಯಾವುದೇ ಒಂದು ಧರ್ಮದ ಪ್ರಚಾರಕ್ಕೆ ಅಂತಲೇ ಮೀಸಲಿಟ್ಟ ತೆರಿಗೆಯನ್ನು ಕಟ್ಟು ಅಂತ ಯಾರನ್ನೂ ಒತ್ತಾಯಿಸುವಂತಿಲ್ಲ. ಸರ್ಕಾರದ ಮಾನ್ಯತೆ ಅಥವಾ ನೆರವು ಇರುವ ಶಾಲೆಯಲ್ಲಿ ಒಪ್ಪಿಗೆ ಇಲ್ಲದೆ ಪ್ರಾರ್ಥನೆಗೆ ನಿಲ್ಲಿಸುವಂತಿಲ್ಲ ಅನ್ನುತ್ತದೆ 28(3). ಖಾಸಗಿ ಆಫೀಸಿಗೆ ಇವು ನೇರವಾಗಿ ತಾಗಲ್ಲ. ಆದರೂ ನೋಡಿ, ಎರಡರಲ್ಲೂ ಕಾಯುವುದು ನಿಮ್ಮ ಸಹೋದ್ಯೋಗಿ ಹೇಳಿದ್ದನ್ನೇ: ದುಡ್ಡು, ಮತ್ತೆ ಎದ್ದು ನಿಲ್ಲುವುದು.

ಹಾಗಾಗಿ ನಾನು ಕೇಳುವುದು ಇಷ್ಟೇ. ಹಬ್ಬ ಆಚರಿಸದವನು ಈಗ ಏನಾದರೂ ಮಾಡಬೇಕಾ? ಮೇಲ್ ಬಂದರೆ ಓದದೆ ಬಿಡಬಹುದು. ಪಟ್ಟಿಯಲ್ಲಿ ಹೆಸರು ಬಂದರೆ ಕೊಡಬೇಕು, ಇಲ್ಲವೇ ಎಲ್ಲರೆದುರು ಇಲ್ಲ ಅನ್ನಬೇಕು. ನಿಮ್ಮ ಮ್ಯಾನೇಜರ್ ಎರಡನ್ನೂ ಒಂದೇ ಕಂತೆಗೆ ಕಟ್ಟಿದ್ದಾರೆ. ಶುಭಾಶಯ ನಿಲ್ಲಿಸಬೇಡಿ. ನಿಲ್ಲಿಸಿದರೆ ಆ ಇಬ್ಬರಿಂದಲೇ ಹೋಯಿತು ಅಂತ ಆಗುತ್ತೆ.

ಮೂರನೇ ಬೆಂಚು:

ನಾವು ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಗಡದವರು. ಕ್ರಿಸ್‌ಮಸ್ ಇಲ್ಲ, ಹುಟ್ಟುಹಬ್ಬವೂ ಇಲ್ಲ. ಯಾರಾದರೂ ಶುಭಾಶಯ ಹೇಳಿದರೆ ಥ್ಯಾಂಕ್ಸ್ ಅಂತೀನಿ, ಅಷ್ಟೇ. ಕಷ್ಟ ಆಗೋದು ಆಮೇಲೆ. "ಯಾಕೆ ಬರಲ್ಲ? ಹುಷಾರಿಲ್ವಾ? ಬೇಜಾರಾ?" ಪ್ರತಿಯೊಬ್ಬರಿಗೂ ನನ್ನ ಧರ್ಮವನ್ನು ಮೊದಲಿಂದ ಬಿಡಿಸಿ ಹೇಳಬೇಕು. ಕಾಫಿ ಲೋಟ ಕೈಯಲ್ಲಿ ಹಿಡಿದು ಅದನ್ನೆಲ್ಲ ಹೇಳೋಕೆ ಆಗುತ್ತಾ? ಬರದವರನ್ನು ಯಾಕೆ ಅಂತ ಕೇಳದಿದ್ದರೆ ಅರ್ಧ ಸಮಸ್ಯೆ ಮುಗೀತು.

ಭಾನುವಾರ:

ಕರಿಕೋಟು ಸರ್, ಒಂದು ತಕರಾರು. ರಜೆ ಕೊಡೋದು ಬೆಂಬಲ ಅಲ್ವಾ? ಯಾರ ಹಬ್ಬ ಪಟ್ಟಿಯಲ್ಲಿದೆಯೋ ಅವರು ಹಾಯಾಗಿರುತ್ತಾರೆ. ಉಳಿದವರು ತಮ್ಮ ಹಬ್ಬಕ್ಕೆ ಸ್ವಂತ ರಜೆ ಖರ್ಚು ಮಾಡಬೇಕು.

ಹಳೇ ಕರಿಕೋಟು:

ಹೌದು, ಅಲ್ಲಿ ನನ್ನ ಪ್ರಶ್ನೆ ಸ್ವಲ್ಪ ಸೋಲುತ್ತದೆ. 1961ರಲ್ಲಿ ಇದೇ ವಿಷಯ ಅಮೆರಿಕದ ಅದೇ ಕೋರ್ಟಿಗೆ ಹೋಗಿತ್ತು. ಭಾನುವಾರ ಅಂಗಡಿ ಮುಚ್ಚಿಸುವ ಕಾನೂನು ಹುಟ್ಟಿದ್ದು ಧರ್ಮದಿಂದ, ಈಗ ಅದು ಬರೀ ವಿಶ್ರಾಂತಿಯ ದಿನ ಅಂತ ಎತ್ತಿಹಿಡಿದರು. ಶನಿವಾರ ತಮ್ಮ ಧರ್ಮದ ವಿಶ್ರಾಂತಿಯ ದಿನ, ಸಬ್ಬತ್ ಅಂತ ಮುಚ್ಚುತ್ತಿದ್ದ ಯಹೂದಿ ವ್ಯಾಪಾರಿಗಳು, ನಮಗೆ ಎರಡು ದಿನದ ವ್ಯಾಪಾರ ಹೋಗುತ್ತೆ ಅಂತ ಅದೇ ವರ್ಷ ವಾದಿಸಿ ಸೋತರು. ಅವರಿಗೆ ಅನ್ಯಾಯ ಆಯಿತು ಅಂತಲೇ ನನ್ನ ಅಭಿಪ್ರಾಯ. ಆಫೀಸಿನಲ್ಲಾದರೆ ದಾರಿ ಇದೆ. ಪಟ್ಟಿ ಚಿಕ್ಕದಿರಲಿ, ಆಯ್ಕೆಯ ರಜೆ ಜಾಸ್ತಿ ಇರಲಿ, ಯಾರು ಯಾವುದಕ್ಕೆ ತಗೊಂಡರು ಅಂತ ಕೇಳಬೇಡಿ.

ನೋಟಿಸ್‌ಬೋರ್ಡ್:

ಪಟ್ಟಿ ತೆಗೆಸಿದೆ. ಒಂದು ಮುಚ್ಚಿದ ಡಬ್ಬ ಇಡ್ತೀವಿ, ಇಷ್ಟ ಇದ್ದವರು ಹಾಕಲಿ. ಮ್ಯಾನೇಜರ್ ಮುಖ ಇನ್ನೂ ಸರಿಯಾಗಿಲ್ಲ. ಕಾರ್ಯಕ್ರಮ ಕೆಲಸದ ಹೊತ್ತಿನಲ್ಲೇ ಇದೆ. ಬರದವರು ಆ ಒಂದು ಗಂಟೆ ಏನು ಮಾಡಬೇಕು?

ಹಳೇ ಕರಿಕೋಟು:

ಅವರಿಗೆ ಬೇಕಾದ್ದು ಮಾಡಲಿ. ಎಲ್ಲರ ಫೋನ್ ಎತ್ತುವ ಡ್ಯೂಟಿ ಮಾತ್ರ ಅವರ ತಲೆಗೆ ಕಟ್ಟಬೇಡಿ.

ನೋಟಿಸ್‌ಬೋರ್ಡ್:

ಅದನ್ನೇ ಹಾಕಿದ್ದಾರೆ ಸರ್. ಈಗಲೇ ಹೋಗಿ ತೆಗೆಸ್ತೀನಿ.